ಬೂದು ಚೌಕ, ಬಿಳಿ ಬಿಲ್ಲೆ

೧೨ ಜನವರಿ ೧೯೮೧

ಪ್ರೀತಿಯ ಚಿಕ್ಕಮ್ಮನಿಗೆ ನಮಸ್ಕಾರ.

ಈ ಪತ್ರದ ಹಿಂದೆಯೇ ಒಂದು ಪಾರ್ಸೆಲ್ ಬರುತ್ತದೆ. ಬಿಚ್ಚಿದ ತಕ್ಷಣ ನೀವು ಏನು ಹೇಳುತ್ತೀರೆಂದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ: "ಇಷ್ಟೇನಾ?" ಹೌದು, ಇಷ್ಟೇ. ಒಂದು ಮೊಳದ ಚೌಕ, ಪೂರ್ತಿ ಬೂದು ಬಣ್ಣ, ನಡುವೆ ಒಂದು ಬಿಳಿ ವೃತ್ತ. ಮೂರು ತಿಂಗಳಿಂದ ನಾನು ಬೇರೇನೂ ಮಾಡಿಲ್ಲ. ಅದೇ ಬೂದು, ಅದರ ಮೇಲೆ ಒಂದೇ ಒಂದು ಬಿಳಿ ಆಕಾರ. ಬಿಸ್ಕತ್ ಕಂಪನಿಯಲ್ಲಿ ದಿನವಿಡೀ ಪೊಟ್ಟಣಗಳ ಮೇಲೆ ಗೋಧಿ ತೆನೆ, ಹಸುವಿನ ಮುಖ, ನಗುವ ಮಗು ಬರೆದು ಬರೆದು, ಮನೆಗೆ ಬಂದಮೇಲೆ ಏನೂ ಇಲ್ಲದ್ದನ್ನು ಬರೆಯಬೇಕೆನಿಸುತ್ತದೆ.

ದಯವಿಟ್ಟು ಚೌಕಟ್ಟು ಹಾಕಿಸಬೇಡಿ. ಚಿತ್ರದಲ್ಲಿ ಇರುವುದೇ ಎರಡು ಬಣ್ಣ, ಒಂದು ಆಕಾರ. ಅದಕ್ಕೂ ಬೇಲಿ ಕಟ್ಟಿದರೆ ಹೇಗೆ? ಚೌಕಟ್ಟಿಲ್ಲದಿದ್ದರೆ ಗೋಡೆಯೇ ಪಕ್ಕದ ಬಣ್ಣವಾಗುತ್ತದೆ. ನಿಮ್ಮ ಹಾಲ್‌ನ ಸುಣ್ಣದ ಗೋಡೆಗೆಂದೇ ಈ ಬೂದು ಕಲಸಿದ್ದೇನೆ. ಒಂಬತ್ತನೇ ವಯಸ್ಸಿಂದ ನಾನು ಒರಗಿ ಕೂತು ಬೆಳೆದ ಗೋಡೆ, ಕಣ್ಣು ಮುಚ್ಚಿದರೂ ಕಾಣುತ್ತದೆ.

ದೊಡ್ಡ ಸುದ್ದಿ ಕೊನೆಗೆ. ಮಾರ್ಚ್ ಹದಿನೆಂಟಕ್ಕೆ ನನ್ನದೇ ಪ್ರದರ್ಶನ, ಅಚ್ಚುಕೂಟದ ಮಹಡಿಯಲ್ಲಿರುವ ಹಾಲ್‌ನಲ್ಲಿ. ಅದನ್ನು ನಡೆಸುವವರನ್ನು ಎಲ್ಲರೂ ಗ್ಯಾಲರಿಯಮ್ಮ ಅಂತಲೇ ಕರೆಯುವುದು. ಅವರು ನಾಲ್ಕು ಚಿತ್ರ ಗೋಡೆಗೆ ಆನಿಸಿ ನೋಡಿ, "ಕೆಲಸ ಚೊಕ್ಕವಾಗಿದೆ. ಆದ್ರೆ ಯಾಕೋ ಮಲಗೇ ಇದಾವಲ್ಲ?" ಅಂದರು. ಅಂದಿನಿಂದ ನನಗೂ ಮಲಗಿದ ಹಾಗೇ ಕಾಣುತ್ತವೆ. ಇದೊಂದು ಕೈಗೂಡದಿದ್ದರೆ ಗೋಧಿ ತೆನೆ ಬರೆಯುತ್ತಲೇ ಮುದುಕಿಯಾಗುತ್ತೇನೆ ಚಿಕ್ಕಮ್ಮ. ನೋಡಿ, ಇದ್ದದ್ದು ಇದ್ದ ಹಾಗೆ ಬರೆಯಿರಿ.

ನಿಮ್ಮ
ಸಾಸಿವೆ


೨೦ ಜನವರಿ

ಸಾಸಿವೆ,

ಪಾರ್ಸೆಲ್ ಬಂತು. ಹಗ್ಗ ಬಿಚ್ಚಲು ಮಹಡಿ ಮೇಲಿನ ಬೀಗದವರನ್ನು ಕರೆದಿದ್ದೆ. ಊರಿನವರ ಕಳೆದುಹೋದ ಬೀಗದಕೈಗಳನ್ನೆಲ್ಲ ಮಾಡಿಕೊಡುವ ಮನುಷ್ಯನಿಗೆ ನಿನ್ನ ಗಂಟು ಬಿಚ್ಚಲು ಅರ್ಧ ಗಂಟೆ ಬೇಕಾಯಿತು. ಬಿಚ್ಚಿ ಒಂದು ಸಲ ನೋಡಿದರು, ಮೆಲ್ಲಗೆ ತಿರುಗಿಸಿ ಹಿಂದೆ ನೋಡಿದರು. "ಮೇಡಂ, ಇದು ಹಿಂಭಾಗ ಇರ್ಬೇಕು. ಚಿತ್ರ ಆ ಕಡೆ ಇರತ್ತೆ" ಅಂದರು. ಆ ಕಡೆ ಬರೀ ಮೊಳೆ ಇತ್ತು. ಪಾಪ, ಅವರಿಗೆ ತುಂಬಾ ಸಂಕೋಚವಾಯಿತು.

ಇದ್ದದ್ದು ಇದ್ದ ಹಾಗೆ ಅಂದೆಯಲ್ಲ, ಕೇಳು. ಬೂದಿ ಬಣ್ಣದ ಬಟ್ಟೆ, ಮಧ್ಯೆ ಬಿಳಿ ಬಿಲ್ಲೆ. ಬಣ್ಣಕ್ಕೇನು ಬರಗಾಲವೇ? ಆಕಾರವಾದರೂ ಸರಿಯಿದೆಯಾ ಅಂತ ಸ್ಕೇಲ್ ಹಿಡಿದೆ. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನನ್ನು "ಸ್ಕೇಲ್ ಮೇಡಂ" ಅಂತ ಸುಮ್ಮನೆ ಕರೆಯಲಿಲ್ಲ. ನಿನ್ನ ಚೌಕ ಚೌಕವೇ ಅಲ್ಲ! ಎತ್ತರಕ್ಕಿಂತ ಅಗಲ ಕಾಲು ಇಂಚು ಜಾಸ್ತಿ. ಬಿಲ್ಲೆಯೂ ನಟ್ಟನಡುವೆ ಇಲ್ಲ, ಮೇಲಕ್ಕೆ ಸರಿದಿದೆ. ನನ್ನ ಕೈಕೆಳಗೆ ಗಣಿತ ಕಲಿತವಳು ಹೀಗೆ ಮರ್ಯಾದೆ ಕಳೆಯಬಾರದು.

ಆದರೂ ತೂಗುಹಾಕುತ್ತೇನೆ. ನನ್ನ ಕುರ್ಚಿಯ ಎದುರಿಗೇ ಇರಲಿ. ಮೊಳೆ ಹೊಡೆದುಕೊಡುತ್ತೇನೆಂದ ಬೀಗದವರು ಮಗಳ ಮನೆಗೆ ಹೋಗಿದ್ದಾರೆ, ಬರುವುದು ಮುಂದಿನ ವಾರ. ಅವರನ್ನು ಯಾರು ಕಾಯುತ್ತಾರೆ? ಸ್ಟೂಲ್ ಇದೆ, ಸುತ್ತಿಗೆ ಇದೆ, ನಾನಿದ್ದೇನೆ.

ಪ್ರದರ್ಶನದ ಸುದ್ದಿ ಓದಿ ಹಾಲ್‌ನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಮಲಗಿದ್ದರೆ ಎಬ್ಬಿಸು. ನಿನ್ನನ್ನು ಶಾಲೆಗೆ ಎಬ್ಬಿಸುತ್ತಿದ್ದವಳು ನಾನು, ಅದಕ್ಕಿಂತ ಕಷ್ಟದ ಕೆಲಸ ಲೋಕದಲ್ಲಿಲ್ಲ.

ನಿನ್ನ ಚಿಕ್ಕಮ್ಮ


೨೭ ಜನವರಿ

ಪ್ರೀತಿಯ ಚಿಕ್ಕಮ್ಮ,

ಹಿಂಭಾಗ! ಬಿಸ್ಕತ್ ಕಂಪನಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಚೌಕದ ವಿಷಯ. ನಮ್ಮ ಕಣ್ಣಿಗೆ ನಿಂತ ಗೆರೆ ಮಲಗಿದ ಗೆರೆಗಿಂತ ಉದ್ದ ಕಾಣುತ್ತದೆ. ನಿಮ್ಮ ಸ್ಕೇಲ್ ಒಪ್ಪುವ ಚೌಕ ಬರೆದರೆ ಅದು ಗೋಡೆಯ ಮೇಲೆ ನೆಟ್ಟಗೆ ನಿಂತ ಬಾಗಿಲಿನಂತಾಗುತ್ತದೆ. ಚೌಕ ಅಂತ ಕಾಣಿಸಬೇಕಾದರೆ ಕಾಲು ಇಂಚು ಮೋಸ ಮಾಡಲೇಬೇಕು. ಬಿಲ್ಲೆಯೂ ಅಷ್ಟೇ. ನಟ್ಟನಡುವೆ ಇಟ್ಟರೆ ಕೆಳಗೆ ಜಾರಿದ ಹಾಗಿರುತ್ತದೆ. ನಾನು ಅಳೆಯುವುದು ಕಣ್ಣಿಂದ, ನೀವು ಮರದ ತುಂಡಿನಿಂದ. ಇಬ್ಬರೂ ಸರಿ, ಜಗಳ ಬೇಡ.

ತೂಗುಹಾಕಿದಿರಾ? ಹೇಗೆ ಕಾಣುತ್ತದೆ? ಬೇಗ ಬರೆಯಿರಿ.

ಸಾಸಿವೆ


೮ ಫೆಬ್ರವರಿ

ಸಾಸಿವೆ,

ಇಲ್ಲಿ ನಾನು ಕ್ಷೇಮ. ಉತ್ತರ ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಅಕ್ಷರ ಸೊಟ್ಟಗಿದ್ದರೆ ಅದಕ್ಕೂ ಕೋಪ ಬೇಡ, ಒರಗಿಕೊಂಡು ಬರೆಯುತ್ತಿದ್ದೇನೆ. ಚಳಿಗೆ ಸ್ವಲ್ಪ ಸೋಮಾರಿಯಾಗಿದ್ದೇನೆ ಅಂದುಕೋ.

ಚಿತ್ರ ಗೋಡೆಯ ಮೇಲಿದೆ. ಈಗ ಬೆಳಗಿನಿಂದ ಸಂಜೆವರೆಗೆ ನನಗೆ ಅದನ್ನು ನೋಡುವುದೇ ಕೆಲಸ. ನಿಜ ಹೇಳಲಾ? ಮೊದಲ ದಿನ ನಿನ್ನನ್ನು ಬೈದದ್ದು ತಪ್ಪು. ಇದು ಬೂದಿ ಬಣ್ಣವೇ ಅಲ್ಲ. ಒಳ್ಳೆಯ ಗುಲಾಬಿ! ಗಾಢವಲ್ಲ, ಸ್ನಾನ ಮಾಡಿಸಿ ಒರೆಸಿದ ಮಗುವಿನ ಕೆನ್ನೆಯ ಹಾಗೆ. ಬೆಳಗಿನಲ್ಲಿ ಹೆಚ್ಚು, ಸಂಜೆ ದೀಪ ಹಾಕಿದ ಮೇಲೆ ಕಡಿಮೆ. ಬಂದಾಗ ಕಾಯಿಯಾಗಿತ್ತು, ಈಗ ಹಣ್ಣಾಗಿದೆ ಅಂತ ಬೀಗದವರಿಗೂ ಹೇಳಿದೆ.

ಈಗ ನನ್ನ ಸುತ್ತ ಜನವೋ ಜನ, ಎಲ್ಲರಿಗೂ ಅದರ ಮೇಲೆಯೇ ಮಾತು. ಒಬ್ಬರಿದ್ದಾರೆ, ಬಸ್ ಕಂಡಕ್ಟರ್ ಆಗಿದ್ದವರು, ಇಂಥ ಬಾಯಿ ನಾನು ಕಂಡಿಲ್ಲ. "ಗುಲಾಬಿ ಮೇಜಿನ ಮೇಲೆ ಖಾಲಿ ತಟ್ಟೆ. ಊಟ ಯಾವಾಗ್ ಬರತ್ತೆ ಅಂತ ಕಾಯ್ತಿದೆ" ಅನ್ನುತ್ತಾರೆ. ಇನ್ನೊಬ್ಬಾಕೆ ಅದು ಅಂಗಿಯ ಗುಂಡಿ ಅಂತ ಹಟ ಹಿಡಿದಿದ್ದಾರೆ. ನಾನು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ನನ್ನ ಹುಡುಗಿ ಬರೆದದ್ದು ಅಂತ ಮಾತ್ರ ಎಲ್ಲರಿಗೂ ಹೇಳಿಯಾಗಿದೆ.

ಪ್ರದರ್ಶನದ ಕೆಲಸ ಬಿಡಬೇಡ. ಇಲ್ಲಿಗೆ ಬರುವ ಯೋಚನೆ ಸದ್ಯಕ್ಕೆ ಬೇಡ.

ನಿನ್ನ ಚಿಕ್ಕಮ್ಮ


೧೫ ಫೆಬ್ರವರಿ

ಪ್ರೀತಿಯ ಚಿಕ್ಕಮ್ಮ,

ನಿಮ್ಮ ಪತ್ರ ಓದಿ ಸಂತೋಷವಾಯಿತು. ಒಂದೆರಡು ಸಣ್ಣ ವಿಷಯ ಕೇಳಬೇಕಿತ್ತು, ಬೇಜಾರು ಮಾಡಿಕೊಳ್ಳಬೇಡಿ.

ಚಿತ್ರದ ನಡುವಿನ ವೃತ್ತ ಈಗ ಯಾವ ಬಣ್ಣ ಕಾಣುತ್ತದೆ? ನಿಮ್ಮ ಸೀರೆಗಳ ಬಣ್ಣ ಮೊದಲಿನಂತೆಯೇ ಇದೆಯಾ? ರಾತ್ರಿ ನಿದ್ದೆ ಬರುತ್ತಿದೆಯಾ? ಮನೆಗೆ ಬರುತ್ತಿರುವ ಅಷ್ಟೊಂದು ಜನ ಯಾರು? ನಿಮಗೆ ಗದ್ದಲವೇ ಆಗುವುದಿಲ್ಲವಲ್ಲ, ಅದಕ್ಕೆ ಕೇಳಿದೆ. ಹಾಗೆಯೇ, ಸುಮ್ಮನೆ ತಮಾಷೆಗೆ, ಹದಿನೇಳು ಆರಲಿ ಎಷ್ಟು ಅಂತ ಬರೆಯಿರಿ. ನಾನು ಚಿಕ್ಕವಳಿದ್ದಾಗ ಆ ಮಗ್ಗಿಗೆ ಅಳುತ್ತಿದ್ದೆ, ನೆನಪಾಯಿತು.

ಚಿಕ್ಕಮ್ಮ, ಆ ಬೂದು ನಾನು ಕಲಸಿದ್ದು ಕಪ್ಪು ಮತ್ತು ಬಿಳಿಯಿಂದ ಮಾತ್ರ. ಕೆಂಪಿನ ಕುಂಚವನ್ನು ಅದರ ಹತ್ತಿರಕ್ಕೂ ತಂದಿಲ್ಲ. ಅದು ಎಷ್ಟು ದಿನವಾದರೂ ಗುಲಾಬಿಯಾಗಲು ಸಾಧ್ಯವಿಲ್ಲ. ಬೀಗದವರನ್ನು ಜೊತೆಗೆ ಕರೆದುಕೊಂಡು ಒಂದು ಸಲ ಡಾಕ್ಟರ ಹತ್ತಿರ ಹೋಗಿ ಬನ್ನಿ. ಕಣ್ಣಿನ ಡಾಕ್ಟರೇ ಆಗಬೇಕೆಂದಿಲ್ಲ, ಯಾರಾದರೂ ಸರಿ.

ನಿಮ್ಮ
ಸಾಸಿವೆ


೨೧ ಫೆಬ್ರವರಿ

ಸಾಸಿವೆ,

ನೂರ ಎರಡು. ಇನ್ನೂ ಬೇಕಾ? ಚೌಕದ ನಾಲ್ಕೂ ಬದಿ ಮುಟ್ಟುವ ವೃತ್ತ ಬರೆದರೆ ಅದು ಚೌಕದ ನೂರು ಭಾಗದಲ್ಲಿ ಎಪ್ಪತ್ತೆಂಟೂವರೆ ಭಾಗ ತುಂಬುತ್ತದೆ. ಬಿಲ್ಲೆ ಬಿಳಿ. ನನ್ನ ಸೀರೆಗಳು ಎಲ್ಲಿದ್ದವೋ ಅಲ್ಲೇ, ಹೇಗಿದ್ದವೋ ಹಾಗೇ ಇವೆ. ಸಾಕಾ?

ನಿನ್ನ ಪತ್ರ ಓದಿ ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಸಕ್ಕರೆ ಸವರಿ ಕೇಳಿದರೆ ನನಗೆ ಗೊತ್ತಾಗುವುದಿಲ್ಲವೇ? ನಿನ್ನಮ್ಮನಿಗೆ ಹೀಗೇ ಶುರುವಾಗಿತ್ತು ಅಂತ ನಿನ್ನ ತಲೆಯಲ್ಲಿ ಓಡುತ್ತಿದೆ. ಅಕ್ಕ ಚಮಚಕ್ಕೆ ಬಾಚಣಿಗೆ ಅಂದಳು, ನೀಲಿ ಬಾಗಿಲನ್ನು ಕೆಂಪು ಅಂದಳು, ಒಂದು ವರ್ಷದೊಳಗೆ ಹೊರಟೇ ಹೋದಳು. ನಿನಗಾಗ ಒಂಬತ್ತು. ನೀನು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ನಾನೂ ಮರೆತಿಲ್ಲ. ಆದರೆ ನಾನು ಅಕ್ಕನಲ್ಲ, ನನಗೆ ಆ ರೋಗವೂ ಇಲ್ಲ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ನನಗೇನು ಗುಲಾಬಿ ಕಾಮಾಲೆ ಬಂದಿದೆಯಾ? ಇಲ್ಲಿರುವ ಹನ್ನೊಂದು ಜನಕ್ಕೂ ಬಂದಿದೆಯಾ? ಬೆಳಿಗ್ಗೆ ಎದ್ದ ತಕ್ಷಣ ಹನ್ನೊಂದು ಬಾಯಿ ಗುಲಾಬಿ ಅನ್ನುತ್ತವೆ. ಹೋಗಲಿ, ನನ್ನ ಮೇಲೆ ನಂಬಿಕೆಯಿಲ್ಲದಿದ್ದರೆ ಕಂಡಕ್ಟರಮ್ಮನ ಮೇಲಾದರೂ ಇಡು, ಇಪ್ಪತ್ತು ವರ್ಷ ಹರಿದ ನೋಟು ಹಿಡಿದ ಕಣ್ಣು.

ಡಾಕ್ಟರನ್ನು ದಿನಾ ನೋಡುತ್ತಿದ್ದೇನೆ, ಅಂದರೆ ದಾರಿಯಲ್ಲಿ ಸಿಗುತ್ತಾರೆ. ಚೆನ್ನಾಗಿದ್ದೇನೆ ಅಂತ ಅವರೇ ಹೇಳಿದ್ದಾರೆ. ನೀನು ಚಿತ್ರ ಬರೆ.

ಚಿಕ್ಕಮ್ಮ


೨೬ ಫೆಬ್ರವರಿ, ಬೆಳಿಗ್ಗೆ

ಚಿಕ್ಕಮ್ಮ,

ನೀವು ಎಷ್ಟೇ ಬೈಯಿರಿ, ನಾನು ಬರುತ್ತಿದ್ದೇನೆ. ಹನ್ನೊಂದು ಜನ ನಿಮ್ಮ ಮನೆಯಲ್ಲಿ ಬೆಳಿಗ್ಗೆ ಏಳುತ್ತಾರೆ ಅಂದರೆ ಏನರ್ಥ? ಅಲ್ಲಿರುವುದು ನೀವೊಬ್ಬರೇ. ಇಲ್ಲದವರು ಕಾಣುತ್ತಿದ್ದಾರೆ, ಇಲ್ಲದ ಬಣ್ಣ ಕಾಣುತ್ತಿದೆ. ಅಮ್ಮನ ಸಲ ನಾನು ಬಾಗಿಲ ಹಿಂದೆ ನಿಂತು ಸುಮ್ಮನಿದ್ದೆ. ಆಗ ಮಗು, ಈಗ ಅಲ್ಲ. ಗ್ಯಾಲರಿಯಮ್ಮನಿಗೆ ನಿನ್ನೆ ಪ್ರದರ್ಶನ ಬೇಡವೆಂದು ಹೇಳಿ ಬಂದೆ. ಚಿತ್ರಗಳನ್ನು ಕಟ್ಟಿಟ್ಟು ಶನಿವಾರ ರೈಲು ಹತ್ತುತ್ತೇನೆ. ಚಿತ್ರ ಇನ್ನೊಂದು ವರ್ಷ ಬರೆಯಬಹುದು. ನನಗೆ ನಿಮ್ಮನ್ನು ಬಿಟ್ಟು ಯಾರಿದ್ದಾರೆ?

ಅದೇ ದಿನ, ಮಧ್ಯಾಹ್ನ

ಪತ್ರ ಇನ್ನೂ ಲಕೋಟೆಗೆ ಹಾಕಿರಲಿಲ್ಲ. ಈಗ ಆದದ್ದನ್ನು ಹೇಳುತ್ತೇನೆ.

ಚಿತ್ರಗಳನ್ನು ಸುತ್ತಲು ಕಾಗದ ಸಾಲಲಿಲ್ಲ. ನನ್ನ ಕೋಣೆಯಲ್ಲಿ ಮನೆ ಯಜಮಾನರ ಹಳೆಯ ಇಸ್ಪೀಟು ಮೇಜಿದೆ, ಅದರ ಮೇಲೆ ಯಾವಾಗಲೂ ಪತ್ರಿಕೆ ಹಾಸಿರುತ್ತೇನೆ. ಆ ಪತ್ರಿಕೆಗಳನ್ನೇ ಎಳೆದುಕೊಂಡೆ. ಕೆಳಗೆ ಮೇಜಿನ ಹಸಿರು ಬಟ್ಟೆ ಕಂಡಿತು. ನಿಮಗೆ ಕಳಿಸಿದಂಥದ್ದೇ ಇನ್ನೊಂದು ಚಿತ್ರವನ್ನು ಅದರ ಮೇಲಿಟ್ಟು ದಾರ ತರಲು ತಿರುಗಿದೆ. ಮತ್ತೆ ನೋಡಿದರೆ ಗುಲಾಬಿ. ಎತ್ತಿ ಬಿಳಿ ಗೋಡೆಗೆ ಹಿಡಿದೆ, ಬೂದು. ಮೇಜಿನ ಮೇಲಿಟ್ಟೆ, ಗುಲಾಬಿ. ಹುಚ್ಚಿಯ ಹಾಗೆ ಎತ್ತುವುದು, ಇಡುವುದು.

ಪಕ್ಕದಲ್ಲಿ ಹಸಿರಿದ್ದರೆ ಬೂದು ತನಗೆ ತಾನೇ ಕೆಂಪಿನ ಕಡೆ ವಾಲುತ್ತದೆ. ಇದು ಚಿತ್ರಕಲಾ ಶಾಲೆಯಲ್ಲಿ ನಮಗೆ ಮೊದಲ ವರ್ಷವೇ ಕಲಿಸುವ ಪಾಠ. ಗೋಡೆಯೇ ಪಕ್ಕದ ಬಣ್ಣ ಅಂತ ನಿಮಗೆ ದೊಡ್ಡದಾಗಿ ಬರೆದವಳೂ ನಾನೇ. ದೀಪದ ಬುಡದಲ್ಲೇ ಕತ್ತಲೆ. ನಿಮ್ಮ ತಲೆಯನ್ನು ಅನುಮಾನಿಸಿದೆ, ಗೋಡೆಯನ್ನು ಅನುಮಾನಿಸಲಿಲ್ಲ.

ಚಿಕ್ಕಮ್ಮ, ನಿಮ್ಮ ಕಣ್ಣೂ ಸರಿಯಿದೆ, ತಲೆಯೂ ಸರಿಯಿದೆ. ಆ ಹನ್ನೊಂದು ಜನವೂ ಇದ್ದಾರೆ. ಆದರೆ ನಮ್ಮ ಮನೆಯಲ್ಲಿ ಹಸಿರು ಗೋಡೆಯೇ ಇಲ್ಲ. ಒರಗಿಕೊಂಡು ಬರೆಯುತ್ತೀರಿ, ಡಾಕ್ಟರು ದಿನಾ ಸಿಗುತ್ತಾರೆ. ಎಲ್ಲಿಗೆ ಬರಬೇಕೆಂದು ನಿಮ್ಮಿಂದ ತಿಳಿದ ಮೇಲೆಯೇ ರೈಲು ಹತ್ತುತ್ತೇನೆ.

ನೀವು ಎಲ್ಲಿದ್ದೀರಿ?


೩ ಮಾರ್ಚ್

ಸಾಸಿವೆ, ನನ್ನ ಬಂಗಾರ,

ಸಿಕ್ಕಿಬಿದ್ದೆ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಜೀವನವಿಡೀ ಹಿಡಿದವಳು ಒಂದು ಗೋಡೆಯಿಂದ ಸಿಕ್ಕಿಬಿದ್ದೆ!

ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿದ್ದೇನೆ. ಹನ್ನೆರಡು ಮಂಚ, ನನ್ನದು ಕಿಟಕಿಯ ಪಕ್ಕ. ಗೋಡೆಗಳು ಸೊಂಟದೆತ್ತರಕ್ಕೆ ಗಾಢ ಹಸಿರು, ಮೇಲೆ ತಿಳಿ ಹಸಿರು. ನಿನ್ನ ಚಿತ್ರ ತೂಗುಹಾಕಲು ಸ್ಟೂಲ್ ಹತ್ತಿದ್ದೆನಲ್ಲ, ಮೊಳೆ ಗೋಡೆಗೆ ಹೋಯಿತು, ನಾನು ನೆಲಕ್ಕೆ ಹೋದೆ. ತೊಡೆಯ ಮೂಳೆ. ಒಳಗೆ ಈಗ ಕಬ್ಬಿಣದ ಸರಳಿದೆ. ಬೀಗದವರು ವಾಪಸು ಬಂದ ದಿನದಿಂದ ಮನೆಗೆ ಬರುವ ನಿನ್ನ ಪತ್ರ ಇಲ್ಲಿಗೆ ತರುತ್ತಾರೆ, ನನ್ನದನ್ನು ಅಂಚೆಗೆ ಹಾಕುತ್ತಾರೆ. ಚಿತ್ರವನ್ನೂ ಅವರೇ ತಂದರು. ಎದುರು ಗೋಡೆಯಲ್ಲಿ ಹಳೇ ಕ್ಯಾಲೆಂಡರಿನ ಮೊಳೆ ಖಾಲಿಯಿತ್ತು. ನರ್ಸಮ್ಮ ಒಂದು ದಿನದ ಮಟ್ಟಿಗೆ ಅಂತ ಒಪ್ಪಿದರು. ಈಗ ತೆಗೆದರೆ ಹನ್ನೆರಡು ಮಂಚದವರೂ ಜಗಳಕ್ಕೆ ನಿಲ್ಲುತ್ತಾರೆ.

ಯಾಕೆ ಮುಚ್ಚಿಟ್ಟೆ ಅಂತ ಕೇಳುತ್ತೀಯ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಚಿತ್ರ ತೂಗುಹಾಕಲು ಹೋಗಿ ಬಿದ್ದೆ ಅಂದಿದ್ದರೆ ನೀನು ಕುಂಚ ಬಿಸಾಡಿ ಓಡಿಬರುತ್ತಿದ್ದೆ, ಜನ್ಮಪೂರ್ತಿ ಆ ಚೌಕವನ್ನು ಕಂಡಾಗಲೆಲ್ಲ ನನ್ನ ಕಾಲು ನೆನಪಾಗುತ್ತಿತ್ತು. ಅದಕ್ಕೇ ಸುಳ್ಳು ಹೇಳಿದೆ. ಅದರಿಂದ ನಿನಗೆ ಅಕ್ಕನ ಭಯ ಹಿಡಿಯಿತು. ಅದು ನನ್ನ ಲೆಕ್ಕದಲ್ಲಿ ಇರಲಿಲ್ಲ. ನಿನ್ನನ್ನು ಹಾಗೆ ಹೆದರಿಸಿಬಿಟ್ಟೆನಲ್ಲ ಅಂತ ನಿನ್ನೆಯಿಂದ ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ.

ಈಗ ಕೇಳು. ನನ್ನ ಒಂದು ಕಾಲು ಮುರಿದಿದೆ. ನೀನು ಪ್ರದರ್ಶನ ಬಿಟ್ಟು ಬಂದರೆ ಇನ್ನೊಂದನ್ನೂ ಮುರಿದ ಹಾಗೆ. ನೀನು ಪಕ್ಕದಲ್ಲಿ ಕೂತು ಅತ್ತರೆ ಮೂಳೆ ಬೇಗ ಕೂಡುತ್ತದೆಯೇ? ಹೋಗು, ಆ ಗ್ಯಾಲರಿಯಮ್ಮನ ಕೈಕಾಲು ಹಿಡಿ.

ನಿನ್ನ ಚಿಕ್ಕಮ್ಮ


೭ ಮಾರ್ಚ್

ಚಿಕ್ಕಮ್ಮ,

ನಿಮ್ಮ ಮೇಲೆ ನನಗೆ ಎಷ್ಟು ಕೋಪ ಬಂದಿದೆಯೆಂದರೆ ಅದನ್ನು ಬರೆಯಲು ಕಾಗದ ಸಾಲದು. ಅದೆಲ್ಲ ಎದುರಿಗೆ. ನೀವಿದ್ದೀರಿ, ನೀವೇ ಆಗಿದ್ದೀರಿ, ಮೊದಲು ಅಷ್ಟು ಸಾಕು. ಪತ್ರ ಓದಿ ಮೆಟ್ಟಿಲ ಮೇಲೇ ಕೂತು ಅತ್ತೆ, ಮನೆ ಯಜಮಾನರು ಯಾರು ಹೋದರು ಅಂತ ಕೇಳಿದರು. ಯಾರೂ ಹೋಗಿಲ್ಲ, ಇದ್ದಾರೆ ಅಂದೆ.

ಚೀಲ ತುಂಬಿದ್ದೆ. ಇನ್ನೊಂದು ಕಾಲಿನ ಮಾತು ಓದಿ ಬಿಚ್ಚಿದೆ. ಹದಿನೆಂಟರವರೆಗೆ ನಿಮ್ಮ ಮಾತು ಕೇಳುತ್ತೇನೆ, ಆಮೇಲೆ ನೀವು ನನ್ನ ಮಾತು ಕೇಳಬೇಕು. ಗ್ಯಾಲರಿಯಮ್ಮನ ಹತ್ತಿರ ಹೋದರೆ, "ನೀವು ಬೇಡ ಅಂದಿದ್ದು ನಂಗೆ ಕೇಳಿಸ್ಲೇ ಇಲ್ಲ, ಕೆಳಗೆ ಅಚ್ಚಿನ ಯಂತ್ರದ ಸದ್ದು ಜಾಸ್ತಿ" ಅಂದರು.

ಒಂದು ಸಹಾಯ ಬೇಕು. ನನ್ನ ಚಿತ್ರಗಳು ಮಲಗಿದ್ದದ್ದು ಯಾಕೆಂದು ಈಗ ಗೊತ್ತಾಯಿತು. ನಾನು ಚಿತ್ರದೊಳಗೇ ಎಲ್ಲವನ್ನೂ ಹುಡುಕುತ್ತಿದ್ದೆ. ಬೂದು ಒಂಟಿಯಾಗಿದ್ದರೆ ಬರೀ ಬೂದು. ಯಾರ ಪಕ್ಕ ನಿಲ್ಲುತ್ತದೆ ಅನ್ನುವುದರಲ್ಲೇ ಅದರ ಬಣ್ಣ. ಹಾಲ್‌ನ ಒಂದು ಗೋಡೆಯನ್ನು ನಿಮ್ಮ ವಾರ್ಡಿನ ತಿಳಿ ಹಸಿರು ಮಾಡಬೇಕೆಂದಿದ್ದೇನೆ. ಇಸ್ಪೀಟು ಮೇಜಿನ ಹಸಿರು ತೀರ ಗಾಢ, ಬೂದುವಿನ ಮೇಲೆ ಸವಾರಿ ಮಾಡುತ್ತದೆ. ಎಂಟು ಹಸಿರು ಕಲಸಿದೆ, ಯಾವುದೂ ಮಗುವಿನ ಕೆನ್ನೆಯಷ್ಟು ಗುಲಾಬಿ ಕೊಡುತ್ತಿಲ್ಲ. ಚಿತ್ರದ ಪಕ್ಕದಲ್ಲೇ ಗೋಡೆಯ ಒಂದು ಚಕ್ಕೆ ಕೆರೆದು ಕಳಿಸುವುದಕ್ಕಾಗುತ್ತದೆಯೇ? ನೀವು ಏಳಬೇಡಿ! ಕಂಡಕ್ಟರಮ್ಮನಿಗೆ ಹೇಳಿ.

ಸಾಸಿವೆ


೧೧ ಮಾರ್ಚ್

ಸಾಸಿವೆ,

ಕಾಗದದ ಮಡಿಕೆಯಲ್ಲಿ ಚಕ್ಕೆ ಇದೆ, ಹುಷಾರಾಗಿ ಬಿಚ್ಚು. ಇನ್ನೊಬ್ಬರ ಕೈಲಿ ತೆಗೆಸಲಿಲ್ಲ. ಕಂಡಕ್ಟರಮ್ಮನ ಎರಡು ಕಾಲೂ ಬ್ಯಾಂಡೇಜಿನಲ್ಲಿವೆ.

ಒಂದು ವಿಷಯ ಹೇಳಿರಲಿಲ್ಲ. ವಾಕರ್ ಹಿಡಿದು ನಡೆಯಿರಿ ಅಂತ ಡಾಕ್ಟರು ಒಂದು ವಾರದಿಂದ ಬೆನ್ನು ಹತ್ತಿದ್ದರು. ನಾಳೆ, ನಾಳೆ ಅನ್ನುತ್ತಿದ್ದೆ. ನನಗೆ ಹೆದರಿಕೆ, ಸಾಸಿವೆ. ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಸ್ಕೇಲ್ ಮೇಡಮ್ಮಿಗೆ ನೆಲದ ಮೇಲೆ ನಿಲ್ಲಲು ಹೆದರಿಕೆ. ಕಾಲು ಕೆಳಗಿಟ್ಟರೆ ಮೂಳೆ ಮುರಿದ ಆ ಸದ್ದು ಮತ್ತೆ ಕೇಳುತ್ತದೇನೋ ಅಂತ. ನಿನ್ನ ಪತ್ರ ಬಂತು. ಹುಡುಗಿಗೆ ಹಸಿರು ಬೇಕು ಅಂದೆ, ವಾಕರ್ ತನ್ನಿ ಅಂದೆ.

ನಡೆದೆ. ಮಂಚದಿಂದ ಗೋಡೆವರೆಗೆ, ನರ್ಸಮ್ಮ ಹಿಂದೆಯೇ "ಅಮ್ಮಾ ನಿಧಾನ, ಅಮ್ಮಾ ನಿಧಾನ" ಅಂತ ಜಪ ಮಾಡುತ್ತಿದ್ದರು. ಎಲ್ಲ ಮಂಚದವರೂ ಉಸಿರು ಹಿಡಿದಿದ್ದರು. ಹೇರ್‌ಪಿನ್ನಿಂದ ಚಕ್ಕೆ ಕೆರೆದೆ. ಇಲ್ಲಿಗೆ ಬಂದ ಮೇಲೆ ಅಷ್ಟು ಹತ್ತಿರದಿಂದ ನಿನ್ನ ಚಿತ್ರ ನೋಡಿದ್ದು ಅದೇ ಮೊದಲು. ಮೂಗು ತಾಗುವಷ್ಟು ಹತ್ತಿರ ಹೋದರೆ ಗೋಡೆ ಕಣ್ಣಿನಿಂದ ಮರೆಯಾಯಿತು. ಗುಲಾಬಿ ಎಲ್ಲೂ ಇಲ್ಲ, ಬರೀ ಬೂದಿ. ನೀನು ಹೇಳಿದ್ದೇ ಸರಿ. ಹಿಂದೆ ಬಂದು ಮಂಚದ ಮೇಲೆ ಕೂತರೆ ಮತ್ತೆ ಗುಲಾಬಿ. ಉತ್ತರ ಒಂದೇ ಇರಬೇಕು ಅಂತ ಜೀವನವಿಡೀ ಪಾಠ ಮಾಡಿದವಳು ನಾನು. ಕೂತು ನಗು ಬಂತು.

ಸಂಜೆ ಇನ್ನೊಂದು ಸಲ ಹೋಗಿಬಂದೆ, ಸುಮ್ಮನೆ.

ಚಿಕ್ಕಮ್ಮ


೧೯ ಮಾರ್ಚ್

ಚಿಕ್ಕಮ್ಮ,

ನಾಳೆ ಮಧ್ಯಾಹ್ನದ ರೈಲಿಗೆ ಟಿಕೆಟ್ ಸಿಕ್ಕಲಿಲ್ಲ, ಇಪ್ಪತ್ತೇಳಕ್ಕೆ ಸಿಕ್ಕಿದೆ. ಕಂಪನಿಯಲ್ಲಿ ಒಂದು ತಿಂಗಳು ರಜೆ ಬರೆದುಕೊಟ್ಟಿದ್ದೇನೆ. ಬೇಡ ಅಂದರೆ ಕೇಳುವವಳಲ್ಲ.

ನಿನ್ನೆ ಪ್ರದರ್ಶನವಾಯಿತು. ಚಕ್ಕೆಯ ಬಣ್ಣಕ್ಕೆ ತಾಳೆಯಾಗುವ ಹಸಿರನ್ನು ಎರಡು ದಿನ ಕಲಸಿ, ಹಾಲ್‌ನ ಉದ್ದದ ಗೋಡೆಗೆ ನಾನೇ ಬಳಿದೆ. ಅದರ ಮೇಲೆ ಬರೀ ಏಳು ಚಿತ್ರ. ಎಲ್ಲವೂ ಅದೇ ಬೂದು. ಒಂದರಲ್ಲಿ ಬಿಳಿ ವೃತ್ತ, ಒಂದರಲ್ಲಿ ಬಿಳಿ ಪಟ್ಟಿ, ಒಂದರಲ್ಲಿ ಮೂಲೆಯಲ್ಲೊಂದು ತ್ರಿಕೋನ. ಎದುರಿನ ಬಿಳಿ ಗೋಡೆಯ ಮೇಲೆ ಅವುಗಳಂಥವೇ ಇನ್ನೂ ಏಳು. ಜನ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ಕನ್ನಡಕದ ಅಂಗಡಿಯ ಮುದುಕರೊಬ್ಬರು ತಮ್ಮದೇ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗಂಡ ಹೆಂಡತಿ ಇಬ್ಬರು, ಒಬ್ಬರು ಹತ್ತಿರ ಒಬ್ಬರು ದೂರ ನಿಂತು, "ಬೂದು!" "ಗುಲಾಬಿ ಕಣ್ರೀ!" ಅಂತ ಕೂಗಾಡಿದರು. ಇನ್ನೊಬ್ಬ ಅಂಗಡಿಕಾರರು ಆ ಗುಲಾಬಿ ಯಾವ ಕಂಪನಿಯದು, ಡಬ್ಬ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಚಿಕ್ಕಮ್ಮ, ನನ್ನ ಚಿತ್ರಗಳು ಎದ್ದು ಕೂತಿದ್ದವು. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿಲ್ಲ.

ಕೊನೆಯಲ್ಲಿ ಪತ್ರಿಕೆಯವರೊಬ್ಬರು ಬಂದು, "ಈ ಹಸಿರು ಗೋಡೆ ಯಾರ ಯೋಚನೆ?" ಅಂದರು.

"ನಮ್ಮಮ್ಮಂದು" ಅಂದೆ.

"ಅವರೂ ಕಲಾವಿದರಾ?"

"ಇಲ್ಲ, ಗಣಿತದ ಮೇಡಂ."

ಅವರು ಬರೆದುಕೊಂಡು ಹೋದರು. ಅವರು ಮೆಟ್ಟಿಲಿಳಿಯುವಾಗ ನಾನು ಹೇಳಿದ್ದೇನೆಂದು ನನಗೆ ಗೊತ್ತಾಯಿತು. ನಿಮ್ಮನ್ನು ಯಾವತ್ತೂ ಹಾಗೆ ಕರೆದಿಲ್ಲ. ಓಡಿಹೋಗಿ ಚಿಕ್ಕಮ್ಮ ಅಂತ ಬರೆಸಬಹುದಿತ್ತು, ಅವರು ಇನ್ನೂ ಕೆಳಗಿನ ಬಾಗಿಲಲ್ಲೇ ಇದ್ದರು. ನಾನು ಹೋಗಲಿಲ್ಲ. ತಪ್ಪಾಗಿದ್ದರೆ ಹೇಳಿ.

ಸಾಸಿವೆ


೨೩ ಮಾರ್ಚ್

ಸಾಸಿವೆ,

ನಿನ್ನ ಪತ್ರ ಬಂತು. ಮೊದಲ ಭಾಗವನ್ನು ವಾರ್ಡಿಗೆಲ್ಲ ಕೇಳುವ ಹಾಗೆ ಓದಿದೆ. ತಾನು ಖಾಲಿ ತಟ್ಟೆ ಅಂದದ್ದನ್ನು ಚಿತ್ರದ ಕೆಳಗೆ ಯಾಕೆ ಬರೆದು ಹಾಕಲಿಲ್ಲ ಅಂತ ಕಂಡಕ್ಟರಮ್ಮನಿಗೆ ಬೇಸರ. ಬೀಗದವರು ಮಾತ್ರ, "ನಾನು ಹಿಂಭಾಗ ಅಂದಿದ್ದನ್ನ ಅಲ್ಲಿ ಯಾರಿಗೂ ಹೇಳಿಲ್ಲ ತಾನೇ?" ಅಂತ ಎರಡು ಸಲ ಕೇಳಿದರು.

ಕೊನೆಯ ಭಾಗವನ್ನು ಗಟ್ಟಿಯಾಗಿ ಓದಲಿಲ್ಲ. ದಿಂಬಿನ ಕಡೆ ತಿರುಗಿಕೊಂಡು ಓದಿದೆ.

ನೀನು ಬಂದ ಮೊದಲ ವಾರ ನಿದ್ದೆಯಲ್ಲಿ ನನ್ನ ಕೈ ಹಿಡಿದು ಅಮ್ಮಾ ಅಂದಿದ್ದೆ. ಬೆಳಿಗ್ಗೆ ಎದ್ದ ಮೇಲೆ, ಚಿಕ್ಕಮ್ಮ ಅನ್ನು ಅಂತ ನಾನೇ ಕಲಿಸಿದೆ. ಅಕ್ಕನ ಮಗಳು, ಅಕ್ಕನ ಹೆಸರು ನಾನು ಕಿತ್ತುಕೊಳ್ಳಬಾರದು ಅಂತ. ನೀನು ಜಾಣೆ, ಒಂದೇ ಸಲಕ್ಕೆ ಕಲಿತೆ. ಆಮೇಲೆ ಎಷ್ಟೋ ಸಲ, ಶಾಲೆಯಿಂದ ಬಂದು ಚಪ್ಪಲಿ ಎಸೆದು ನೀನು ನನ್ನನ್ನು ಕೂಗುವಾಗ, ಇವತ್ತು ಒಂದು ಸಲ ತಪ್ಪಿ ಆ ಮಾತು ಬರಲಿ ಅಂತ ಅಡುಗೆಮನೆಯಲ್ಲಿ ನಿಂತು ಕಾದಿದ್ದೇನೆ. ಅಕ್ಕ ಇದ್ದಿದ್ದರೆ, ಇಷ್ಟು ವರ್ಷ ಕಾದೆಯಲ್ಲೇ ದಡ್ಡಿ ಅಂತ ನನಗೇ ಬೈಯುತ್ತಿದ್ದಳು.

ತಪ್ಪೇನೂ ಆಗಿಲ್ಲ. ಇಪ್ಪತ್ತೇಳಕ್ಕೆ ನೀನು ಬರುವಾಗ ನಾನು ವಾರ್ಡಿನ ಬಾಗಿಲಲ್ಲಿ ನಿಂತಿರುತ್ತೇನೆ, ನನ್ನ ಕಾಲ ಮೇಲೆ. ಪತ್ರಿಕೆಯವರಿಗೆ ಹೇಳಿದ್ದನ್ನು ನನ್ನೆದುರಿಗೆ ಒಂದು ಸಲ ಹೇಳು.